ಕುರಿಗೆ ರೇಟ್ ಇದೆ, ನಾಯಿಗೆ?

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತು ಒಂದು ಹಳೇ ನೋಟ್‌ಬುಕ್ಕಿನ ಒಂದೇ ಒಂದು ಪುಟದಿಂದ ಶುರು ಮಾಡ್ತೀನಿ.

ನೋಟ್‌ಬುಕ್ ನಮ್ಮ ತಾತಂದು. ಊರು ಹೊಳೆನರಸೀಪುರ ತಾಲ್ಲೂಕಲ್ಲಿ. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ತಾತ ಇದ್ದ ಮಂದೆ ಪೂರ್ತಿ ಮಾರಿಬಿಟ್ಟರು. ಆ ದಿನದ ಲೆಕ್ಕ ಪೆನ್ಸಿಲಲ್ಲಿ ಬರೆದಿಟ್ಟಿದ್ದಾರೆ. ಕುರಿ 34, ಟಗರು 2, ಮರಿ 9. ಒಂದೊಂದರ ಎದುರಿಗೂ ದುಡ್ಡು, ಕೆಳಗೆ ದಲ್ಲಾಳಿಗೆ ಕೊಟ್ಟಿದ್ದು, ಕೊನೆಗೆ ಕೈಗೆ ಬಂದಿದ್ದು. ಬಿ.ಕಾಂ. ಓದಿದ ನನ್ನ ಕಣ್ಣಿಗೆ ಚೊಕ್ಕವಾದ ಲೆಕ್ಕ. ಆದ್ರೆ ಅವತ್ತು ಮಂದೆ ಜೊತೆ ಇನ್ನೊಂದು ಜೀವ ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ. ಕರಿಯ, ನಮ್ಮ ಕಾವಲು ನಾಯಿ. ಆ ಪುಟದಲ್ಲಿ ಕರಿಯನ ಹೆಸರೂ ಇಲ್ಲ, ರೇಟೂ ಇಲ್ಲ.

ಅವತ್ತು ನಾನು ಅತ್ತಿದ್ದೆ. ಕುರಿ ತಗೊಂಡವರು ಅರಕಲಗೂಡು ಕಡೆಯವರು, ನಾಯಿಗೂ ದುಡ್ಡು ಕೊಡೋಕೆ ಬಂದರು. ತಾತ ಬೇಡ ಅಂದರು. ಕೊನೆಗೆ ಎಲೆಯಡಿಕೆ ಮೇಲೆ ಹನ್ನೊಂದು ರೂಪಾಯಿ ಇಟ್ಟು ಕೊಟ್ಟಿದ್ದನ್ನ ಮಾತ್ರ ತಗೊಂಡರು. ಪುಕ್ಕಟೆ ಯಾಕೆ ಕೊಟ್ರಿ ಅಂತ ರಚ್ಚೆ ಹಿಡಿದಾಗ ಹೇಳಿದ್ದು ಇಷ್ಟೇ: “ಕುರಿ ನಂದು, ಮಾರ್ದೆ. ನಾಯಿ ಕುರಿದು ಕಣ್ಲಾ ಮಗ.”

ಈಗ ಸಂತೆಗೆ ಬರೋಣ. ಕುರಿಗೆ ರೇಟ್ ಕಟ್ಟೋದು ಹೇಗೆ ಅಂತ ಹಾಸನದ ಕಡೆ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತೆ. ಮೊದಲು ತುಟಿ ಎತ್ತಿ ಹಲ್ಲು ನೋಡ್ತಾರೆ. ಹಾಲುಹಲ್ಲು ಅಂದ್ರೆ ಇನ್ನೂ ಎಳೇದು. ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ರೆ ಹೆಚ್ಚೂಕಮ್ಮಿ ಒಂದೂವರೆ ವರ್ಷ. ಆಮೇಲೆ ನಾಲ್ಕು, ಆರು, ಎಂಟಾದ್ರೆ ಬಾಯಿಗೂಡಿದೆ ಅಂತಾರೆ. ಆಮೇಲೆ ಸೊಂಟದ ಮೇಲೆ ಕೈ ಇಟ್ಟು ಒತ್ತಿ ಮಾಂಸ ಎಷ್ಟಿದೆ ಅಂತ ಅಂದಾಜು. ಹಳಬರು ಈಗಲೂ ಟವೆಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿದು ರೇಟ್ ಮಾತಾಡ್ತಾರೆ, ಪಕ್ಕದಲ್ಲಿ ನಿಂತವನಿಗೂ ತಿಳಿಯಲ್ಲ. ಅದೇ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜಲ್ಲಿ ಎಲ್ಲಾ ರೇಟೂ ಬಹಿರಂಗ. ಕುರಿ ವ್ಯಾಪಾರ ಮಾತ್ರ ಟವೆಲ್ ಬಿಟ್ಟು ಆಚೆ ಬಂದಿಲ್ಲ. ಯುಗಾದಿ ಮಾರನೇ ದಿನದ ಹೊಸತೊಡಕು, ಬಕ್ರೀದ್, ಮಾರಿಹಬ್ಬ, ಇವು ಹತ್ತಿರ ಬಂದಾಗ ಬೆರಳುಗಳೂ ಜಾಸ್ತಿ ಆಗುತ್ತವೆ ಅಷ್ಟೇ.

ನಿಮಗೆ ಗೊತ್ತಾ, ಹಾಸನದ ಹೆಸರಲ್ಲೇ ಒಂದು ಕುರಿ ತಳಿ ಇದೆ. ಬಳ್ಳಾರಿ, ಡೆಕ್ಕನಿ, ಕೆಂಗುರಿ, ಮಂಡ್ಯ ತಳಿಗಳ ಸಾಲಲ್ಲಿ ‘ಹಾಸನ’ ಅಂತ ಪುಸ್ತಕದಲ್ಲಿದೆ. ಮೈ ಬಿಳಿ, ಅಲ್ಲಲ್ಲಿ ತಿಳಿ ಕಂದು ಇಲ್ಲಾ ಕಪ್ಪು ಮಚ್ಚೆ, ಜೋಲು ಕಿವಿ, ಸಣ್ಣ ಆಳ್ತನ, ಒರಟು ಉಣ್ಣೆ. ಸಂತೆಯಲ್ಲಿ ‘ಹಾಸನ ಕುರಿ ಇದೆಯಾ’ ಅಂತ ಕೇಳಿ ನೋಡಿ, ನಿಮ್ಮ ಮುಖ ನೋಡ್ತಾರೆ. ಎಲ್ಲರ ಬಾಯಲ್ಲೂ ಬನ್ನೂರು, ಬನ್ನೂರು. ಕಾರಣ ಸರಳ. ಈ ಒರಟು ಉಣ್ಣೆ ಕಂಬಳಿಗೆ ಆಗ್ತಿತ್ತು. ಕಂಬಳಿ ಹೊದೆಯೋರು ಕಮ್ಮಿ ಆದ್ಮೇಲೆ ಉಣ್ಣೆ ಮಾರಿ ಬರೋ ದುಡ್ಡು ಕತ್ತರಿಸಿದವನ ಕೂಲಿಗೂ ಸಾಲಲ್ಲ. ಉಳಿದಿದ್ದು ಮಾಂಸ, ಅದರಲ್ಲಿ ಬನ್ನೂರಿನ ಮುಂದೆ ಯಾರು ನಿಲ್ತಾರೆ? ಕಬ್ಬನ್ ಪಾರ್ಕಿನ ಕಬ್ಬನ್ ಇದ್ದಾರಲ್ಲ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್, ಅವರ ಕಾಲದಲ್ಲೇ ನಮ್ಮ ಕುರಿ ಉಣ್ಣೆ ನಯ ಮಾಡೋಕೆ ಅಂತ ಹೊರದೇಶದ ಮೆರಿನೋ ಟಗರು ತರಿಸಿದ್ದರು. ಅದು ಕೈಗೂಡಲಿಲ್ಲ.

ಕುರಿ ಅಂದ್ರೆ ದುಡ್ಡು ಅನ್ನೋದು ಈಗಿನ ಮಾತಲ್ಲ. ಪಕ್ಕದ ಚೋಳರ ಶಾಸನಗಳಲ್ಲಿ ಒಂದು ವ್ಯವಸ್ಥೆ ಬರುತ್ತೆ, ಓದಿದಾಗ ನನ್ನೊಳಗಿನ ಅಕೌಂಟೆಂಟ್ ಎದ್ದು ಕೂತ. ದೇವಸ್ಥಾನದಲ್ಲಿ ಒಂದು ನಂದಾದೀಪ ಸದಾ ಉರೀಬೇಕು ಅಂದ್ರೆ ಭಕ್ತರು 90 ಇಲ್ಲಾ 96 ಕುರಿ ಕೊಡ್ತಿದ್ದರು. ಕುರಿ ಹೋಗೋದು ಕುರಿಗಾಹಿ ಹತ್ತಿರ, ದೇವಸ್ಥಾನಕ್ಕೆ ಬರೋದು ದಿನದ ತುಪ್ಪ. ಆ ಕುರಿಗಳಿಗೆ ‘ಸಾಯದ, ಮುಪ್ಪಾಗದ ಕುರಿ’ ಅಂತ ಹೆಸರು. ಅಂದ್ರೆ ಒಂದು ಸತ್ರೆ ಮರಿ ಬಂದು ಲೆಕ್ಕ ತುಂಬಬೇಕು, ಅಸಲು ಕರಗಬಾರದು. ಶುದ್ಧ ಫಿಕ್ಸೆಡ್ ಡೆಪಾಸಿಟ್!

ಆದ್ರೆ ಆ ಮಂದೆಯನ್ನ ರಾತ್ರಿ ಕಾದಿದ್ದು ಯಾರು? ಅದಕ್ಕೆ ಲೆಕ್ಕ ಎಲ್ಲಿ?

ನಾಯಿಯ ಲೆಕ್ಕ ಹುಡುಕ್ತಾ ಹೋದಾಗ ಸಿಕ್ಕಿದ್ದು ಆತಕೂರಿನ ಕಲ್ಲು. ಆತಕೂರು ಈಗ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು. ಕಥೆ ಶುರುವಾಗೋದು ಇದೇ ಚೋಳರ ಜೊತೆ. ಕ್ರಿ.ಶ. 949ರಲ್ಲಿ ತಮಿಳುನಾಡಿನ ತಕ್ಕೋಲಂನಲ್ಲಿ ದೊಡ್ಡ ಯುದ್ಧ. ಒಂದು ಕಡೆ ಚೋಳ ರಾಜಕುಮಾರ ರಾಜಾದಿತ್ಯ, ಇನ್ನೊಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಅವನ ಭಾವ, ಗಂಗರ ಎರಡನೇ ಬೂತುಗ. ರಾಜಾದಿತ್ಯ ಸತ್ತ. ಗೆದ್ದ ಖುಷಿಯಲ್ಲಿ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಹೀಗೆ ನಾಡುಗಳೇ ಸಿಕ್ಕವು. ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ ಇದ್ದ. ‘ಮೆಚ್ಚಿದೀನಿ, ಏನು ಬೇಕೋ ಕೇಳು’ ಅಂದಾಗ ಅವನು ಕೇಳಿದ್ದು ಒಂದು ನಾಯಿ. ಹೆಸರು ಕಾಳಿ.

ಸಿಕ್ತು. ಆಮೇಲೆ ಬೆಳತೂರಿನ ಹತ್ತಿರದ ಗುಡ್ಡದಲ್ಲಿ ಕಾಳಿಯನ್ನ ಒಂದು ಭಾರಿ ಹಂದಿ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ದೊಡ್ಡ ಕೆರೆ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟ. ಅಲ್ಲಿನ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ನಾಯಿ ಮಾಡಿದ ಪಾಪ ಅವನಿಗೆ ಸುತ್ತಿಕೊಳ್ಳಲಿ ಅಂತಲೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ನಾಯಿ, ಹಂದಿ ಮುಖಾಮುಖಿ ಆಗಿರೋ ಕೆತ್ತನೆ ನೋಡಿ ಬನ್ನಿ. ಇದಾಗಿ ಮೂವತ್ತು ವರ್ಷ ಕಳೆದ ಮೇಲೆ ಅದೇ ಗಂಗರ ಮಂತ್ರಿ ಚಾವುಂಡರಾಯ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನ ನಿಲ್ಲಿಸಿದ್ದು. ಒಂದೇ ರಾಜ್ಯ, ಹೆಚ್ಚೂಕಮ್ಮಿ ಒಂದೇ ಕಾಲ.

ನಿಜ, ಕಾಳಿ ಬೇಟೆ ನಾಯಿ, ಕುರಿ ಕಾಯೋ ನಾಯಿ ಅಲ್ಲ. ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಕಾಳಿಯನ್ನ ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ. ಕೇಳಿದ, ಕೊಟ್ಟರು. ದುಡ್ಡಿನ ಲೆಕ್ಕ ಬಂದಿದ್ದು ನಾಯಿ ಸತ್ತ ಮೇಲೆ, ಗದ್ದೆ ರೂಪದಲ್ಲಿ.

ಈಗಲೂ ಹೀಗೇನಾ ಅಂತ ನೋಡೋಕೆ ಹೋದ ವರ್ಷ ಚನ್ನರಾಯಪಟ್ಟಣದ ಹತ್ತಿರ ಒಂದು ತೆಂಗಿನ ತೋಟಕ್ಕೆ ಹೋಗಿದ್ದೆ. ಗೊಬ್ಬರಕ್ಕೆ ಅಂತ ತೋಟದವರು ರಾತ್ರಿ ಮಂದೆ ನಿಲ್ಲಿಸಿಕೊಂಡಿದ್ದರು. ಕುರಿಗಳ ಮಧ್ಯೆ ಮೂರು ನಾಯಿಮರಿ. ನಾನು ಸುಮ್ಮನಿರಲಾರದೆ ಕೇಳಿದೆ: “ಒಂದು ಮರಿ ಎಷ್ಟಕ್ಕೆ ಕೊಡ್ತೀರ ಅಣ್ಣ?”

“ಕುರಿ ಎಷ್ಟ್ ಐತೆ ನಿಂತಾವ?”

“ಒಂದೂ ಇಲ್ಲ.”

“ಮತ್ತೆ ನಾಯಿ ತಗಂಡು ಏನ್ ಕಾಯಿಸ್ತೀಯಪ್ಪ, ಬೈಕಾ?”

ನಕ್ಕು ಆಮೇಲೆ ವಿವರಿಸಿದರು. ಮಂದೆ ಇರೋರು ಬಂದು ಕೇಳಿದ್ರೆ ಕೊಡ್ತಾರೆ, ದುಡ್ಡಿಲ್ಲ. ನಾಳೆ ಇವರ ನಾಯಿ ಸತ್ತರೆ ಅವರ ಹತ್ತಿರ ಹೋಗಿ ತರ್ತಾರೆ. ಮರಿ ಚಿಕ್ಕದಿದ್ದಾಗಲೇ ರೊಪ್ಪದೊಳಗೆ ಕುರಿಗಳ ಜೊತೆ ಬಿಡಬೇಕು, ಮನೆಯಲ್ಲಿ ಮುದ್ದು ಮಾಡಿ ಬೆಳೆಸಿದ್ದು ಮಂದೆಗೆ ಆಗಲ್ಲ. ಟರ್ಕಿಯ ಕಂಗಾಲ್ ನಾಯಿಯನ್ನೂ ಇಟಲಿಯ ಮರೆಮ್ಮಾ ನಾಯಿಯನ್ನೂ ಬೆಳೆಸೋದು ಹೀಗೇ. ತಾತ ಹೇಳಿದ ಮಾತು ನನಗೆ ಅರ್ಥ ಆಗಿದ್ದು ಆ ತೋಟದಲ್ಲಿ. ಮಂದೆ ಬಿಟ್ಟು ಕರಿಯ ನಮ್ಮ ಮನೆ ಜಗಲಿ ಮೇಲೆ ಏನು ಮಾಡ್ತಿದ್ದ?

ಈ ಕೊಟ್ಟು ತರೋ ಸರಪಳಿ ನಡೀಬೇಕು ಅಂದ್ರೆ ಸುತ್ತ ಹತ್ತು ಮಂದೆ ಇರಬೇಕು. ಒಬ್ಬೊಬ್ಬರೇ ಮಾರ್ತಾ ಬಂದ್ರೆ ಮರಿ ಕೇಳೋದು ಯಾರ ಹತ್ತಿರ? ಆಗ ಮೊಬೈಲಲ್ಲಿ ಹುಡುಕ್ತಾರೆ, ದುಡ್ಡು ಕೊಟ್ಟು ಮುಧೋಳ ತರ್ತಾರೆ. ಮುಧೋಳ ಚೆಂದದ ನಾಯಿ, 2005ರಲ್ಲಿ ಅಂಚೆಚೀಟಿ ಮೇಲೂ ಬಂದಿದೆ. ಆದ್ರೆ ಅದು ಕಣ್ಣಲ್ಲಿ ಕಂಡಿದ್ದನ್ನ ಅಟ್ಟಿಸಿಕೊಂಡು ಹೋಗೋ ಬೇಟೆ ತಳಿ, ಮಂದೆ ಪಕ್ಕ ಮಲಗೋ ತಳಿ ಅಲ್ಲ. ತರಲೇಬೇಕು ಅಂತಿದ್ರೆ ಒಂದು ಗೊತ್ತಿರಲಿ. 2017ರ ಕೇಂದ್ರದ ನಿಯಮದ ಪ್ರಕಾರ ನಾಯಿ ಬೆಳೆಸಿ ಮಾರೋರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ.

ಹಾಗಂತ ‘ನಾಯಿಗೆ ಬೆಲೆ ಕಟ್ಟಲ್ಲ’ ಅನ್ನೋದನ್ನ ಹಾಡಿ ಹೊಗಳೋಕೆ ನನಗೆ ಮನಸ್ಸಿಲ್ಲ. ಬೆಲೆ ಇಲ್ಲ ಅಂದ್ರೆ ಲೆಕ್ಕದಲ್ಲೂ ಇಲ್ಲ. ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಕುರಿ ಸತ್ರೆ ಸರ್ಕಾರ 5,000 ರೂಪಾಯಿ ಕೊಡ್ತಿತ್ತು, 2025ರ ಬಜೆಟ್‌ನಲ್ಲಿ ಅದನ್ನ 7,500ಕ್ಕೆ ಏರಿಸಿದರು. ಒಳ್ಳೇದೇ. ಆ ಕುರಿ ಉಳಿಸೋಕೆ ಹೋಗಿ ಚಿರತೆ ಬಾಯಿಗೆ ಬಿದ್ದ ನಾಯಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ರೇಬೀಸ್ ಲಸಿಕೆ ಹಾಕಿಸೋದೂ ಮಾಲೀಕನದೇ ಜವಾಬ್ದಾರಿ. ಮಣಲೇರ ಎರಡು ಖಂಡುಗ ಗದ್ದೆನಾದ್ರೂ ಬಿಟ್ಟಿದ್ದ.

ಈ ಸಂಚಿಕೆಗೆ ಅಂತ ಅಪ್ಪನ ಜೊತೆ ಅರಕಲಗೂಡು ಕಡೆ ಆ ಮನೆ ಹುಡುಕಿಕೊಂಡು ಹೋದೆ. ಮಂದೆ ಅಲ್ಲೂ ಈಗಿಲ್ಲ. ತಂಬಾಕು ಬ್ಯಾರನ್ ಇದೆ. ಕುರಿ ತಗೊಂಡವರು ತೀರಿಕೊಂಡಿದ್ದಾರೆ, ಅವರ ಹೆಂಡತಿ ಇದ್ದರು. ಕರಿಯ ಅಂದ ಕೂಡಲೇ ಗುರುತು ಹಿಡಿದರು. ಐದು ವರ್ಷ ಇದ್ದನಂತೆ. ಒಂದು ರಾತ್ರಿ ಚಿರತೆ ಬಂತಂತೆ, ಕುರಿ ಒಂದೂ ಹೋಗಲಿಲ್ಲವಂತೆ. ಕರಿಯನನ್ನ ಬದುವಿನ ಹತ್ತಿರ ಹೂತಿದ್ದಾರೆ. ಕಲ್ಲುಗಿಲ್ಲು ಏನೂ ಇಲ್ಲ, ಈಗ ಅಲ್ಲಿ ಆಲೂಗಡ್ಡೆ ಹಾಕಿದ್ದಾರೆ. ಕಾಫಿ ಕೊಟ್ಟು, ಹೊರಡೋವಾಗ ಒಂದು ಮಾತು ಕೇಳಿದರು: “ನಿಮ್ ತಾತ ಅವತ್ತು ಹನ್ನೊಂದ್ ರೂಪಾಯಿನಾದ್ರೂ ಖರ್ಚು ಮಾಡಿದ್ರಾ?” ಅಪ್ಪನಿಗೂ ಗೊತ್ತಿರಲಿಲ್ಲ.

ನಿಮ್ಮ ಮನೇಲೂ ಇಂಥ ಲೆಕ್ಕದ ನೋಟ್‌ಬುಕ್ ಇದ್ರೆ ಒಂದು ಫೋಟೋ ಕಳಿಸಿ, ಅದರಲ್ಲೂ ಉಣ್ಣೆ, ಕಂಬಳಿ ಲೆಕ್ಕ ಇದ್ರೆ. ಮುಂದಿನ ಸಂಚಿಕೆ ಕಂಬಳಿದು.