ಏಕವಚನದ ತಾಯಿ, ಬಹುವಚನದ ತಾಯಂದಿರು: ತಾಯಿಗೆ ಮೀಸಲಾದ ದಿನಗಳ ಕುರಿತು ಒಂದು ವಿವೇಚನೆ

ಮೇ ತಿಂಗಳ ಎರಡನೆಯ ಭಾನುವಾರವನ್ನು ಕನ್ನಡ ಪತ್ರಿಕೆಗಳು ‘ತಾಯಂದಿರ ದಿನ’, ‘ಅಮ್ಮಂದಿರ ದಿನ’ ಎನ್ನುತ್ತವೆ. ಆ ದಿನವನ್ನು ರೂಢಿಗೆ ತಂದ ಅಮೆರಿಕದ ಆನಾ ಜಾರ್ವಿಸ್ ಈ ಬಹುವಚನವನ್ನು ಒಪ್ಪುತ್ತಿರಲಿಲ್ಲ. ‘ಮದರ್ಸ್ ಡೇ’ ಎಂದು ಉಚ್ಚರಿಸುವಾಗ ಒಬ್ಬ ತಾಯಿಯೋ ಹಲವು ತಾಯಂದಿರೋ ಎಂಬುದು ಇಂಗ್ಲಿಷಿನಲ್ಲಿ ಕಿವಿಗೆ ತಿಳಿಯದು; ಬರೆಯುವಾಗ ಷಷ್ಠಿಯ ಚಿಹ್ನೆ ಎಲ್ಲಿ ಬೀಳುತ್ತದೆ ಎಂಬುದರಿಂದ ಮಾತ್ರ ತಿಳಿಯುತ್ತದೆ. ಅದು ಏಕವಚನದ ಜಾಗದಲ್ಲೇ ಬೀಳಬೇಕೆಂದು ಆಕೆ ಪಟ್ಟುಹಿಡಿದಳು. ಪ್ರತಿಯೊಬ್ಬರೂ ತಮ್ಮ ಒಬ್ಬಳೇ ತಾಯಿಯನ್ನು ನೆನೆಯಬೇಕೆಂಬುದು ಅವಳ ಆಶಯ. ವಚನವನ್ನು ಬಾಯಿಬಿಟ್ಟು ಹೇಳಲೇಬೇಕಾದ ಕನ್ನಡ ಬಹುವಚನವನ್ನೇ ಆರಿಸಿಕೊಂಡಿತು. ಇದು ಬರಿಯ ವ್ಯಾಕರಣದ ಮಾತಲ್ಲ. ತಾಯಿಗೆ ಮೀಸಲಾದ ದಿನಗಳ ಚರಿತ್ರೆಯನ್ನು ಈ ವಚನದ ಎಳೆ ಹಿಡಿದು ಓದಬಹುದೆಂಬುದು ನನ್ನ ವಾದ.

ಆನಾಳ ತಾಯಿ ಆನ್ ರೀವ್ಸ್ ಜಾರ್ವಿಸ್ ಕಟ್ಟಿದ್ದು ಬಹುವಚನದ ಲೋಕ. ಹೆತ್ತ ಮಕ್ಕಳಲ್ಲಿ ನಾಲ್ವರು ಮಾತ್ರ ದೊಡ್ಡವರಾಗಿ ಉಳಿದ ಆ ಹೆಂಗಸು 1858ರ ಸುಮಾರಿಗೆ, ಇಂದಿನ ವೆಸ್ಟ್ ವರ್ಜೀನಿಯಾದ ಬೆಟ್ಟದೂರುಗಳಲ್ಲಿ ತಾಯಂದಿರ ಸಂಘಗಳನ್ನು ಆರಂಭಿಸಿದಳು. ಕೂಸುಗಳ ಸಾವನ್ನು ತಡೆಯಬೇಕಿತ್ತು. ಹಾಲು ಶುದ್ಧವೇ, ಕುಡಿಯುವ ನೀರು ಹೇಗಿದೆ, ಕಾಯಿಲೆ ಬಿದ್ದ ಮನೆಗೆ ಔಷಧಿ ಮುಟ್ಟಿತೇ ಎಂದು ಈ ಹೆಂಗಸರು ವಿಚಾರಿಸುತ್ತಿದ್ದರು. ಅಂತರ್ಯುದ್ಧ ಬಂದಾಗ ಎರಡೂ ಪಕ್ಷಗಳ ಸೈನಿಕರ ಶುಶ್ರೂಷೆ ಮಾಡಿದರು. ತಾಯ್ತನವೆಂದರೆ ಊರಿನ ಕೆಲಸ ಎಂದು ತಿಳಿದವರು ಅವರು.

ಆಕೆ ತೀರಿಕೊಂಡದ್ದು 1905ರ ಮೇ 9ರಂದು. ಮೂರು ವರ್ಷಗಳ ಮೇಲೆ, 1908ರ ಮೇ 10ರಂದು, ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಸ್ಮರಣೆಯ ಪ್ರಾರ್ಥನೆ ನಡೆದಾಗ ಮಗಳು 500 ಬಿಳಿ ಕಾರ್ನೇಷನ್ ಹೂಗಳನ್ನು ಕಳಿಸಿದಳು. 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಆ ದಿನಕ್ಕೆ ರಾಷ್ಟ್ರದ ಮನ್ನಣೆ ಘೋಷಿಸಿದ. ಸಂಘ ಕಟ್ಟಿದ ತಾಯಂದಿರ ಜಾಗದಲ್ಲಿ ಮನೆಯೊಳಗಿನ ಒಬ್ಬ ತಾಯಿ ಬಂದು ಕುಳಿತಳು. ಮಗಳ ದುಃಖ ಪ್ರಾಮಾಣಿಕವಾದದ್ದು. ಹೂವಿನ ವ್ಯಾಪಾರಿಗಳ ವಿರುದ್ಧ ಆಕೆ ದಶಕಗಳ ಕಾಲ ನಡೆಸಿದ ಹೋರಾಟವೂ ಅಷ್ಟೇ ಪ್ರಾಮಾಣಿಕ. ಆದರೆ ಸಂಘಕ್ಕೆ ಹೂಗುಚ್ಛ ಮಾರುವುದು ಕಷ್ಟ, ಒಬ್ಬ ತಾಯಿಗೆ ಮಾರುವುದು ಸುಲಭ. ಆಕೆ ಆರಿಸಿದ ಏಕವಚನವೇ ವ್ಯಾಪಾರಕ್ಕೆ ಬಾಗಿಲು ತೆರೆಯಿತೆಂದು ನನಗನ್ನಿಸುತ್ತದೆ.

ಮೆಕ್ಸಿಕೋದಲ್ಲಿ ಈ ಪಲ್ಲಟ ಇನ್ನೂ ನೇರ. 1922ರಲ್ಲಿ ಯೂಕಟಾನ್ ಪ್ರಾಂತ್ಯದಲ್ಲಿ ಗರ್ಭನಿರೋಧದ ಕಿರುಹೊತ್ತಗೆ ಹಂಚಿಕೆಯಾಗಿ ಗದ್ದಲವೆದ್ದಿತ್ತು. ಅದಕ್ಕೆ ಎದುರುತ್ತರವಾಗಿ ಅದೇ ವರ್ಷ ‘ಎಕ್ಸೆಲ್ಸಿಯರ್’ ಪತ್ರಿಕೆಯ ರಫಾಯೆಲ್ ಅಲ್ದುಸಿನ್ ಮೇ 10ನ್ನು ತಾಯಿಯ ದಿನವಾಗಿಸಲು ಕರೆಕೊಟ್ಟ.

ಇಂಡೊನೇಷ್ಯಾದ ‘ಹರಿ ಇಬು’ ಇನ್ನೊಂದು ದಾರಿಯಲ್ಲಿ ಬಂತು. 1928ರ ಡಿಸೆಂಬರ್ 22ರಂದು ಯೋಗ್ಯಕರ್ತದಲ್ಲಿ, ಡಚ್ಚರ ಆಳ್ವಿಕೆಯಲ್ಲಿ, ಮೊದಲ ಮಹಿಳಾ ಸಮ್ಮೇಳನ ಸೇರಿತು. ಹೆಣ್ಣುಮಕ್ಕಳ ಓದು, ಬಾಲ್ಯವಿವಾಹ, ಮದುವೆಯ ಕಾನೂನು ಅಲ್ಲಿನ ಚರ್ಚೆಗಳಾಗಿದ್ದವು. ಆ ಸಮ್ಮೇಳನದ ದಿನವೇ 1959ರಲ್ಲಿ ಅಧ್ಯಕ್ಷ ಸುಕಾರ್ನೊ ಆಜ್ಞೆಯಿಂದ ರಾಷ್ಟ್ರೀಯ ದಿನವಾಯಿತು. ‘ಇಬು’ ಎಂದರೆ ತಾಯಿ. ಗೌರವಾರ್ಹ ಹೆಂಗಸನ್ನು ಕರೆಯುವ ಮಾತೂ ಹೌದು, ನಾವು ಪರಸ್ತ್ರೀಯನ್ನು ‘ಅಮ್ಮಾ’ ಎನ್ನುವ ಹಾಗೆ. ಮುಂದೆ ಅಧ್ಯಕ್ಷನಾದ ಸುಹಾರ್ತೊ ಕಾಲದಲ್ಲಿ ಎರಡನೆಯ ಅರ್ಥ ಸೊರಗಿ, ಗಂಡ ಮಕ್ಕಳ ಸೇವೆ ಮಾಡುವ ಗೃಹಿಣಿಯೇ ದಿನದ ನಾಯಕಿಯಾದಳು.

ಏಕವಚನವೆಲ್ಲ ಹೀಗೆ ಕಿರಿದುಗೊಳಿಸುವಂಥದ್ದೇ ಎಂದರೆ ನೇಪಾಳ ಅದನ್ನು ಅಲ್ಲಗಳೆಯುತ್ತದೆ. ಅಲ್ಲಿ ವೈಶಾಖ ಕೃಷ್ಣ ಪಕ್ಷದ ಅಮಾವಾಸ್ಯೆ ‘ಮಾತಾತೀರ್ಥ ಔಂಸಿ’. (ನೇಪಾಳದ್ದು ಪೂರ್ಣಿಮಾಂತ ಗಣನೆ, ನಮ್ಮ ಅಮಾಂತ ಪಂಚಾಂಗದಲ್ಲಿ ಅದು ಚೈತ್ರದ ಕಡೆಯ ದಿನ.) ಜನರ ಮಾತಿನಲ್ಲಿ ಅದಕ್ಕೆ ‘ಆಮಾಕೋ ಮುಖ್ ಹೇರ್ನೇ ದಿನ್’, ಅಮ್ಮನ ಮುಖ ನೋಡುವ ದಿನ, ಎಂಬ ಹೆಸರಿದೆ. ತಾಯಿ ಇರುವವರು ಸಿಹಿತಿಂಡಿ, ಬಟ್ಟೆ ಹಿಡಿದು ಮನೆಗೆ ಹೋಗುತ್ತಾರೆ. ಇಲ್ಲದವರು ಕಠ್ಮಂಡು ಕಣಿವೆಯ ಪಶ್ಚಿಮದಂಚಿನ ಮಾತಾತೀರ್ಥದ ಕೊಳದಲ್ಲಿ ಮಿಂದು ಶ್ರಾದ್ಧ ಮಾಡುತ್ತಾರೆ. ದನಗಾಹಿಯೊಬ್ಬನಿಗೆ ಆ ನೀರಿನಲ್ಲಿ ಸತ್ತ ತಾಯಿಯ ಮುಖ ಕಂಡಿತೆಂಬುದು ಐತಿಹ್ಯ. ಯಾವ ಸರ್ಕಾರದ ಆಜ್ಞೆಯಿಂದಲೂ ಹುಟ್ಟದ ಈ ದಿನ ತಾಯಿಯನ್ನು ಆದರ್ಶವಾಗಿಸುವುದಿಲ್ಲ. ಒಂದು ಗುರುತಿನ ಮುಖವನ್ನು ಕೇಳುತ್ತದೆ, ಅಷ್ಟೆ.

ನಮ್ಮಲ್ಲಿ ಭಾದ್ರಪದ ಬಹುಳ ನವಮಿ, ಅವಿಧವಾ ನವಮಿ, ಮುತ್ತೈದೆಯಾಗಿ ಸತ್ತ ತಾಯಿಗೆ ಸಲ್ಲುವ ದಿನ. ಪಿತೃಪಕ್ಷದ ನಡುವೆ ಅವಳಿಗೆಂದೇ ಒಂದು ತಿಥಿ ಎತ್ತಿಟ್ಟಿರುವುದು ಸಣ್ಣ ಮಾತಲ್ಲ. ಅವಳ ಹೆಸರಿನಲ್ಲಿ ಇನ್ನೊಬ್ಬ ಮುತ್ತೈದೆಯನ್ನು ಕರೆದು, ಅರಿಸಿನ ಕುಂಕುಮ, ಬಳೆ, ರವಿಕೆ ಕಣ ಕೊಟ್ಟು ಎಲೆ ಹಾಕಿ ಬಡಿಸುತ್ತಾರೆ. ಒಬ್ಬರ ತಾಯಿಯ ಜಾಗದಲ್ಲಿ ಇನ್ನಾರದೋ ತಾಯಿ ಕೂತು ಉಣ್ಣುತ್ತಾಳೆ. ಏಕವಚನ ತಾನಾಗಿ ಬಹುವಚನವಾಗುತ್ತದೆ. ಆದರೆ ಆ ಎಲೆ ಪಕ್ಕದ ಮನೆಯ ವಿಧವೆ ತಾಯಿಗೆ ಹಾಕುವಂಥದ್ದಲ್ಲ. ಅವಳು ಹೆತ್ತು ಸಾಕಿದ ಮಕ್ಕಳು ಎಷ್ಟೇ ಇರಲಿ, ನವಮಿಯ ದಿನ ಅವಳನ್ನು ಕರೆಯುವುದಿಲ್ಲ.