ಬ್ರಿಟನ್ನಿನ ವೇಗಸೂಚಕ ಚಿಹ್ನೆಗಳಲ್ಲಿ ಅರ್ಥಪಲ್ಲಟ

ಶಬ್ದದ ರೂಪವು ಇದ್ದಂತೆಯೇ ಇದ್ದು ಅರ್ಥವು ಮಾತ್ರ ಸರಿದುಹೋಗುವುದು ಭಾಷಾಶಾಸ್ತ್ರಜ್ಞರಿಗೆ ಪರಿಚಿತವಾದ ಸಂಗತಿ. ದಾರಿಯ ಬದಿಯಲ್ಲಿ ನೆಟ್ಟ ಚಿಹ್ನೆಗಳಿಗೂ ಇದೇ ಗತಿಯುಂಟೆಂಬುದಕ್ಕೆ ಬ್ರಿಟನ್ನಿನ ವೇಗಸೂಚಕಗಳ ಚರಿತ್ರೆಯು ನಿದರ್ಶನವಾಗಿದೆ.

1865ನೆಯ ಇಸವಿಯ ಶಾಸನದಂತೆ ಹಬೆಯ ಗಾಡಿಯು ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿಗಿಂತ ವೇಗವಾಗಿ ಹೋಗಕೂಡದಾಗಿತ್ತು; ಅದರ ಮುಂದೆ 60 ಗಜ ದೂರದಲ್ಲಿ ಕೆಂಪು ಬಾವುಟವನ್ನು ಹಿಡಿದ ಆಳೊಬ್ಬನು ನಡೆಯಬೇಕಾಗಿತ್ತು. ಬಾವುಟವು ಎದುರಿಗೆ ಬರುವ ಕುದುರೆಯ ಸವಾರರಿಗೆ ಎಚ್ಚರಿಕೆ. ಗಾಡಿಯವನಿಗಾದರೋ ಆಳಿನ ನಡಿಗೆಯೇ ವೇಗದ ಮಿತಿ. ಅದರಲ್ಲಿ ತಪ್ಪಾಗಿ ಓದಿಕೊಳ್ಳುವುದಕ್ಕೆ ಏನೂ ಇರಲಿಲ್ಲ. 1878ರಲ್ಲಿ ಬಾವುಟದ ಕಡ್ಡಾಯವು ತಪ್ಪಿತು. 1896ರಲ್ಲಿ ಹಗುರವಾದ ಗಾಡಿಗಳ ಮುಂದಣ ಆಳೂ ಇಲ್ಲವಾದನು. ಆತನ ಕೆಲಸವು ತರುವಾಯ ಕಂಬದ ಪಾಲಿಗೆ ಬಂದಿತು.

1904ರ ಸರಕಾರೀ ಸುತ್ತೋಲೆಯಲ್ಲಿ 10 ಮೈಲಿಯ ಅಥವಾ ಅದಕ್ಕೂ ಕಡಮೆಯಾದ ಮಿತಿಗೆ ಬಿಳಿಯ ಬಳೆ, ಅದರ ಕೆಳಗೆ ಅಂಕಿಯ ಫಲಕ. ನಿಷೇಧಕ್ಕೆ ಕೆಂಪು ಬಿಲ್ಲೆ. ಮಿತಿ ಬೇರೆ, ನಿಷೇಧ ಬೇರೆ ಎಂಬ ವಿವೇಕವು ಇಲ್ಲಿ ಬಣ್ಣದಲ್ಲಿಯೇ ಕಾಣುತ್ತದೆ. ಮುಂದೆ ಅಂಕಿಯ ಸುತ್ತಲೂ ಕೆಂಪು ಬಳೆಯೇ ಬಂದು ಈ ಭೇದವು ಅಳಿಯಿತು.

1930ರ ಶಾಸನವು ಮೋಟಾರು ಕಾರುಗಳ ವೇಗಮಿತಿಯನ್ನು ಸಂಪೂರ್ಣವಾಗಿ ತೆಗೆದುಹಾಕಿತು. 1934ರಲ್ಲಿ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಆ ವರ್ಷವೇ ಹೊಸ ಶಾಸನವಾಗಿ, 1935ರ ಮಾರ್ಚಿ 18ರಿಂದ ಮನೆಗಳು ಒತ್ತಾಗಿರುವ ಪ್ರದೇಶಗಳಲ್ಲಿ 30 ಮೈಲಿಯ ಮಿತಿಯು ಜಾರಿಗೆ ಬಂದಿತು. ಆದರೆ ಇಂತಹ ಪ್ರದೇಶವೆಂದರೆ ಯಾವುದು? ಶಾಸನಕರ್ತರು ಮನೆಗಳನ್ನು ಎಣಿಸಲಿಲ್ಲ. 200 ಗಜಕ್ಕೆ ಮೀರದ ಅಂತರದಲ್ಲಿ ಬೀದಿಯ ದೀಪಗಳಿರುವ ದಾರಿಯೇ ಅದೆಂದು ಲಕ್ಷಣ ಹೇಳಿದರು. ಹೀಗೆ ಬೆಳಕಿಗೆಂದು ನೆಟ್ಟ ಕಂಬವು ವೇಗವನ್ನು ತಗ್ಗಿಸುವ ಸಂಕೇತವೂ ಆಯಿತು. ನಿಯಮವನ್ನು ಬಲ್ಲವನಿಗೆ ದೀಪಗಳ ಸಾಲೇ ಆಜ್ಞೆ. ಅರಿಯದವನಿಗೆ ಅದು ಬರಿಯ ದೀಪ.

ಮಿತಿಯು ಮುಗಿಯುವೆಡೆಯಲ್ಲಿ ಬಿಳಿಯ ಬಿಲ್ಲೆಯ ಮೇಲೆ ಓರೆಯಾದ ಕಪ್ಪು ಪಟ್ಟಿ. ಅದರ ಮೂಲಾರ್ಥವು 'ಇನ್ನು ಮಿತಿಯಿಲ್ಲ' ಎಂಬುದು. 1965ರ ಡಿಸೆಂಬರಿನಲ್ಲಿ ಪರೀಕ್ಷಾರ್ಥವಾಗಿ 70 ಮೈಲಿಯ ಮಿತಿಯನ್ನು ವಿಧಿಸಿ, 1967ರಲ್ಲಿ ಅದನ್ನು ಸ್ಥಿರಪಡಿಸಿದರು. ಬಿಲ್ಲೆಯು ಬದಲಾಗಲಿಲ್ಲ. ಬಿಡುಗಡೆಯನ್ನು ಸಾರುತ್ತಿದ್ದ ಚಿಹ್ನೆಯೇ ಮಿತಿಯನ್ನು ಸಾರತೊಡಗಿತು. ಈಗ ಕಾರಿಗೆ ಆ ಬಿಲ್ಲೆಯು ಒಂಟಿ ಹಾದಿಯಲ್ಲಿ 60 ಎಂದೂ, ನಡುವೆ ವಿಭಜಕವಿರುವ ಜೋಡಿಹಾದಿಯಲ್ಲಿ 70 ಎಂದೂ ಅರ್ಥಕೊಡುತ್ತದೆ. ಅಂಕಿಯಾದರೋ ಅದರ ಮೇಲೆ ಇಲ್ಲ. ಹಳೆಯ ಅರ್ಥವನ್ನೇ ನೆಚ್ಚಿದ ಚಾಲಕನನ್ನು ಬಿಲ್ಲೆಯು ತಡೆಯಲಾರದು.

ದೀಪಗಳ ಅರ್ಥವೂ ಹಾಗೆಯೇ ನಿಲ್ಲಲಿಲ್ಲ. 2023ರ ಸೆಪ್ಟೆಂಬರು 17ರಿಂದ ವೇಲ್ಸಿನಲ್ಲಿ ಇಂತಹ ಬೀದಿಗಳ ಸಾಮಾನ್ಯ ಮಿತಿಯು 20 ಮೈಲಿಗೆ ಇಳಿಯಿತು. ಇಂಗ್ಲೆಂಡಿನಲ್ಲಿ 30 ಆಗಿಯೇ ಉಳಿಯಿತು. ಎಲ್ಲೆಯ ಎರಡು ಕಡೆಗಳಲ್ಲಿಯೂ ಕಂಬಗಳು ಒಂದೇ ತೆರನಾದುವು.