ರಂಪಣಿಯ ಕಾಲ

ತುಳುನಾಡಿನ ಚರಿತ್ರೆ ಬರೆದವರು ಆಳುಪರ ಶಾಸನಗಳಿಂದ ಹೊರಟು, ಬಾರಕೂರಿನ ಕೋಟೆಯನ್ನೂ ಬಸರೂರಿನ ಅಕ್ಕಿ ವ್ಯಾಪಾರವನ್ನೂ ದಾಟಿ, ಟಿಪ್ಪುವಿನ ಪತನಕ್ಕೆ ಬಂದು ನಿಲ್ಲುತ್ತಾರೆ. ಆ ಕಾಲವೆಲ್ಲ ಕಡಲ ತಡಿಯಲ್ಲೇ ಬಾಳಿದ ಮೊಗವೀರರಿಗೆ ಆ ಪುಟಗಳಲ್ಲಿ ದೊರೆಯುವ ಎಡೆ ಅತ್ಯಲ್ಪ. ದತ್ತಿ ಬಿಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕೆ ಗದ್ದೆ ಬೇಕು. ಕಡಲನ್ನು ಉಂಬಳಿ ಕೊಟ್ಟವರುಂಟೆ? ಅವರ ಕಥೆಯನ್ನು ಬಲೆಯಿಂದಲೇ ತಿಳಿಯಬೇಕು, ಅದರಲ್ಲೂ ರಂಪಣಿಯಿಂದ.

ರಂಪಣಿಯೆಂದರೆ ದಡದಿಂದ ಎಳೆಯುವ ಮಹಾಬಲೆ. ಮಳೆಗಾಲ ಕಳೆದು ಬಂಗುಡೆ, ಬೂತಾಯಿಗಳ ಹಿಂಡು ಕರೆಯ ಸಮೀಪ ಬಂದಾಗ, ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ದೋಣಿ ಹೊರಡುತ್ತಿತ್ತು. ಹಿಂಡನ್ನು ಬಳಸಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತಿತ್ತು. ಬಲೆಯ ಉದ್ದ ಒಂದು ಕಿಲೋಮೀಟರಿಗೂ ಮಿಕ್ಕಿದ್ದುಂಟು. ಎರಡು ತುದಿಗಳಲ್ಲೂ ಹತ್ತಾರು ಜನ ನಿಂತು ಎಳೆಯಬೇಕು. ಮೀನು ವಿಪರೀತ ಬಿದ್ದರೆ ಒಮ್ಮೆಗೇ ದಡಕ್ಕೆ ಹಾಕುತ್ತಿರಲಿಲ್ಲ. ಆಳವಿಲ್ಲದ ನೀರಿನಲ್ಲಿ ಬಲೆಯನ್ನು ಕಟ್ಟಿ ನಿಲ್ಲಿಸಿ, ಬೇಡಿಕೆ ನೋಡಿಕೊಂಡು ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ತೆಗೆಯುತ್ತಿದ್ದರು. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಕಡಲನ್ನೇ ಉಗ್ರಾಣ ಮಾಡಿಕೊಂಡ ಈ ಜಾಣ್ಮೆಗೆ ನಾನು ತಲೆದೂಗುತ್ತೇನೆ.

ಇಂಥ ಬಲೆ ಒಬ್ಬನ ಸೊತ್ತಾಗುವುದು ಕಷ್ಟ. ಮನೆಮನೆಯವರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿದರೆ ರಂಪಣಿ. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದ ಕೈಗೊಂದು ಪಾಲು. ಅಲ್ಲಿ ಜಗಳವಿರಲಿಲ್ಲವೆಂದು ನಾನು ಹೇಳಲಾರೆ. ಪಾಲಿದ್ದಲ್ಲಿ ಜಗಳವೂ ಇದ್ದೀತು. ಆದರೆ ಆ ಜಗಳ ಗುರಿಕಾರನ ಮುಂದೆ, ಊರೊಳಗೇ ತೀರುವಂಥದ್ದು.

ನಾವು ಇದನ್ನು ಅನಾದಿಕಾಲದ್ದೆಂದು ಭಾವಿಸುವುದುಂಟು. ಹಾಗಲ್ಲ. ರಂಪಣಿ ಗೋವೆಯ ಕಡೆಯಿಂದ ಬಂದ ಬಲೆಯೆಂಬುದು ತಿಳಿದವರ ಅಭಿಪ್ರಾಯ. ಅಲ್ಲಿನ ಬೆಸ್ತರಿಗೆ ಇಂದಿಗೂ ‘ರಾಂಪಣಕಾರ’ರೆಂಬ ಹೆಸರಿದೆ. ಪರಂಪರೆಯೂ ಒಂದು ಕಾಲಕ್ಕೆ ಹೊಸತೇ ಆಗಿತ್ತು.

ಹಿಡಿದದ್ದನ್ನು ಕೆಡದಂತೆ ಉಳಿಸಲು ಉಪ್ಪು ಬೇಕಷ್ಟೆ. ಆಗ ಈ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಉಪ್ಪಿನ ಮೇಲೆ ಕಂಪನಿಯ ಕಾಲದಿಂದಲೂ ಸರಕಾರದ ಹಿಡಿತ. ಮೀನುಗಾರಿಕೆಯನ್ನು ಪರಿಶೀಲಿಸಿದ ಫ್ರಾನ್ಸಿಸ್ ಡೇ 1873ರ ವರದಿಯಲ್ಲಿ ಉಪ್ಪಿನ ತೆರಿಗೆಯಿಂದ ಬೆಸ್ತರಿಗಾಗುವ ಕಷ್ಟವನ್ನು ಎತ್ತಿ ಹೇಳಿದ. ಆ ಬಳಿಕ ಕರೆಯುದ್ದಕ್ಕೂ ಮೀನು ಉಪ್ಪು ಹಾಕುವ ಯಾರ್ಡುಗಳಾಗಿ, ಅಲ್ಲಿ ಅಗ್ಗದ ಉಪ್ಪು ದೊರೆಯತೊಡಗಿತು. ಒಣಮೀನು ಘಟ್ಟ ಹತ್ತಿತು. ಮಿಕ್ಕ ಬೂತಾಯಿ ಎಣ್ಣೆಯಾಯಿತು, ತೆಂಗಿನ ಬುಡಕ್ಕೆ ಗೊಬ್ಬರವಾಯಿತು. ಮೀನು ಮುಟ್ಟದ ಮನೆಯ ತೆಂಗಿನಕಾಯಿಯಲ್ಲೂ ಮೊಗವೀರನ ಬೆವರಿದೆಯೆಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ನಕ್ಕದ್ದುಂಟು.

1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಯೊಡನೆ ಪರ್ಸೀನ್ ಬಲೆ ಬಂತು. ಹಿಂಡು ಕರೆಗೆ ಬರುವ ತನಕ ಅದು ಕಾಯುವುದಿಲ್ಲ. ಕಡಲ ನಡುವೆಯೇ ಸುತ್ತುವರಿದು, ಬಲೆಯ ಬುಡವನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುತ್ತದೆ. ದಡದಲ್ಲಿ ಕಾದವರಿಗೆ ಬರಿಯ ನೀರು. ಘರ್ಷಣೆಗಳಾದವು. ಕೆಲವರು ಕೂಡಿ ಸಾಲ ಮಾಡಿ ಪರ್ಸೀನ್ ಕೊಂಡರು, ಉಳಿದವರು ಅದೇ ದೋಣಿಗಳಿಗೆ ಕೂಲಿಗೆ ಹೋದರು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ಬರುವ ಹೊತ್ತಿಗೆ ಮಹಾರಂಪಣಿಗಳು ಹೆಚ್ಚುಕಡಿಮೆ ಮೂಲೆ ಸೇರಿದ್ದವು.

ಯಂತ್ರವನ್ನು ನಾನು ದೂರುವುದಿಲ್ಲ. ರಂಪಣಿಯೂ ಹೊರಗಿನಿಂದಲೇ ಬಂದದ್ದಲ್ಲವೆ? ಆದರೆ ಆ ಬಲೆ ಬಂದಾಗ ಅದಕ್ಕೆ ಬೇಕಾಗಿದ್ದುದು ಊರಿನ ಜನ. ಈ ಬಲೆಗೆ ಬೇಕಾದದ್ದು ಬಂಡವಾಳ. ನಮ್ಮ ಚರಿತ್ರೆಕಾರರು ಗುರುತಿಸಬೇಕಾದ ವ್ಯತ್ಯಾಸ ಇದು.

ಕೈರಂಪಣಿಯೆಂಬ ಕಿರಿಯ ಬಲೆ ಇನ್ನೂ ಉಳಿದಿದೆ. ಬೆಳಗಿನ ಹೊತ್ತು ಕರಾವಳಿಯ ಕೆಲವು ದಡಗಳಲ್ಲಿ ಅದನ್ನು ಎಳೆಯುತ್ತಾರೆ. ಎಳೆಯುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು.